ರೋಬೋ, ಹುಲ್ಲು ಮತ್ತು ಒಂದು ಕಪ್ಪೆ

ಪುಣೆಯ ನಮ್ಮ ರೋ ಹೌಸ್ ಹಿಂದಿನ ಅಂಗೈಯಗಲದ ಹುಲ್ಲಿಗೂ ರೋಬೋ ಬೇಕಾ ಅಂತ ನಮ್ಮತ್ತೆ ನಕ್ಕಿದ್ದರು. ಅಂಚಿನಲ್ಲಿ ಹೂತ ತಂತಿಯೇ ಅದಕ್ಕೆ ಲಕ್ಷ್ಮಣರೇಖೆ; ಸಂಕೇತ ಸಿಕ್ಕೊಡನೆ ತಿರುಗುತ್ತದೆ, ಚಾರ್ಜ್ ಇಳಿದರೆ ತಾನೇ ಗೂಡಿಗೆ ಮರಳುತ್ತದೆ. ದಿನಾ ಚೂರುಚೂರೇ ಕತ್ತರಿಸುವುದರಿಂದ ತುಣುಕೆಲ್ಲ ಅಲ್ಲೇ ಗೊಬ್ಬರ. ಎತ್ತಿದರೆ ಬ್ಲೇಡ್ ನಿಲ್ಲುತ್ತದೆ, ಸರಿ. ಆದರೆ ನೆಲಕ್ಕಂಟಿ ಕೂತ ಕಪ್ಪೆ?

ಮೊದಲ ಮಳೆಗಾಲದಲ್ಲೇ, ಮಳೆ ನಿಂತ ಒಂದು ರಾತ್ರಿ, ಹಾಗೆ ಒಂದು ಸಿಕ್ಕಿಕೊಂಡಿತು. ಬೆಳಿಗ್ಗೆ ಮೊದಲು ನೋಡಿದ್ದು ನನ್ನ ಐದು ವರ್ಷದ ಮಗಳು. ಆ್ಯಪ್‌ನಲ್ಲಿ ರಾತ್ರಿ ಹೊತ್ತು ಹಾಕಿದವಳು ನಾನೇ. ಎಂಟೆಕ್ ತಲೆಗೆ ಕಪ್ಪೆ ಹೊಳೆದಿರಲಿಲ್ಲ. ಜರ್ಮನಿಯ ಕೊಲೋನ್‌ನಲ್ಲಿ ಹೆಜ್‌ಹಾಗ್‌ಗಳ ಸಲುವಾಗಿ 2024ರಿಂದ ರಾತ್ರಿ ಇದನ್ನು ಓಡಿಸುವಂತಿಲ್ಲ ಅಂತ ಆಮೇಲೆ ಓದಿದೆ.

ಈಗ ನಮ್ಮಲ್ಲಿ ಮಧ್ಯಾಹ್ನ 3ಕ್ಕೆ. ಅದೂ ಶಾಲೆಯಿಂದ ಬಂದ ಮಗಳು ಹುಲ್ಲನ್ನೆಲ್ಲ ಒಂದು ಸುತ್ತು ನೋಡಿ ಒಳಗೆ ಬಂದ ಮೇಲೆ.