ಹಬ್ಬದ ಜಾಹೀರಾತಿಗೆ ಮುಂಚೆ ಕೈಗಳ ಲೆಕ್ಕ

(ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಜನವರಿ 14 ನಮಗೆ ಸಂಕ್ರಾಂತಿ, ಈ ಊರಿಗೆ ಉತ್ತರಾಯಣ. ನಾವು ಎಳ್ಳುಬೆಲ್ಲ ನೆನೆಯುವ ಹೊತ್ತಿಗೆ ಇಲ್ಲಿಯವರು ಗಾಳಿಪಟ ಹಿಡಿದು ಮಾಳಿಗೆ ಏರಿರುತ್ತಾರೆ. ಮರುದಿನ ವಾಸಿ ಉತ್ತರಾಯಣ. ಎರಡು ದಿನವೂ ಊಂಧಿಯು, ಜಿಲೇಬಿ, ಚಿಕ್ಕಿ ಮಾಳಿಗೆಗೇ ಹೋಗಬೇಕು. ನಮ್ಮ ಇಡ್ಲಿ ದೋಸೆಗೂ ಅಲ್ಲೊಂದು ಜಾಗ ಸಿಕ್ಕೀತೆಂದು ಹೋಟೆಲಿನವರು ವಾಟ್ಸಾಪಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಜಾಹೀರಾತು ಹಾಕುತ್ತಾರೆ. ಹಿಂದೆ ಬಾಗಿಲಲ್ಲಿ ಹಲಗೆ ಬರೆದಿಡುತ್ತಿದ್ದರು. ಆ ಬೀದಿಯಲ್ಲಿ ಹೋಗುವವರಷ್ಟೇ ಓದುತ್ತಿದ್ದರು. ಈಗ ಆ ಹಲಗೆ ಗಿರಾಕಿಯ ಜೇಬಿನಲ್ಲೇ ಇದೆ.

ಇದು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ವ್ಯಾಪಾರ ಬೆಳೆದರೆ ನಮ್ಮ ಕೆಲಸವೂ ಉಳಿಯುತ್ತದೆ. ನಮ್ಮಲ್ಲಿ ಸ್ವಂತ ತಿಂಡಿಗಾಡಿ ಇಟ್ಟವರಿಗೆ ಖರ್ಚಿಲ್ಲದ ಜಾಹೀರಾತು ದೊಡ್ಡ ಆಸರೆ. ಆದರೆ ಒಂದು ಮಾತು ನೆನಪಿರಲಿ. ಜಾಹೀರಾತು ಹಾಕಲು ಒಂದು ಬೆರಳು ಸಾಕು. ಅದರ ಮಾತು ಉಳಿಸಲು ಹತ್ತು ಜನರ ಕೈ ಬೇಕು.

ಹಿಟ್ಟಿನ ವಿಷಯವನ್ನೇ ತೆಗೆದುಕೊಳ್ಳೋಣ. ಅಕ್ಕಿ, ಉದ್ದು ನೆನೆಯಲು ನಾಲ್ಕೈದು ಗಂಟೆ ಬೇಕು. ರುಬ್ಬಿದ ಮೇಲೆ ಹುಳಿ ಬರಲು ಒಂದು ರಾತ್ರಿ ಬೇಕು. ಇಲ್ಲಿಯ ಜನವರಿ ಚಳಿಗೆ ಒಮ್ಮೊಮ್ಮೆ ಅದೂ ಸಾಲದು. ಪಾತ್ರೆಗೆ ಗೋಣಿ ಹೊದಿಸಿ ಒಲೆಯ ಮಗ್ಗುಲಲ್ಲಿ ಇಡುತ್ತೇವೆ. 13ರ ರಾತ್ರಿ ಹತ್ತು ಗಂಟೆಗೆ 'ನಾಳೆ ಎಷ್ಟು ಬೇಕಾದರೂ ಪಾರ್ಸೆಲ್' ಎಂಬ ಸಂದೇಶ ಸೊಸೈಟಿಗಳ ಗುಂಪಿಗೆ ಹೋದರೆ, ಬೆಳಿಗ್ಗೆ ಹಿಟ್ಟು ಎಲ್ಲಿಂದ ಬಂದೀತು? ಸಂದೇಶ ಕ್ಷಣದಲ್ಲಿ ಊರು ಸುತ್ತುತ್ತದೆ. ಹಿಟ್ಟು ತನ್ನ ಹೊತ್ತಿಗೇ ಉಬ್ಬುತ್ತದೆ. ಹುಳಿ ಬಾರದ ಹಿಟ್ಟಿನ ಇಡ್ಲಿ ಕಲ್ಲಾಗುತ್ತದೆ. ಗಿರಾಕಿ ಗೂಗಲಿನಲ್ಲಿ ಒಂದೇ ನಕ್ಷತ್ರ ಕೊಟ್ಟು ಸುಮ್ಮನಾಗುತ್ತಾನೆ. ಬೈಗುಳ ತಿನ್ನುವವರು ಮಾತ್ರ ಭಟ್ಟರು ಮತ್ತು ಸಪ್ಲೈಯರು.

ಆದ್ದರಿಂದ ನಮ್ಮ ಸಲಹೆ ಮೂರು.

ಒಂದು: ಹಬ್ಬಕ್ಕೆ ವಾರ ಮುಂಚೆ ಮಾಲೀಕರು, ಭಟ್ಟರು, ಸಪ್ಲೈಯರು, ಕ್ಲೀನರು ಒಟ್ಟಿಗೆ ಕೂತು ಎಷ್ಟು ಪ್ಲೇಟು ಸಾಧ್ಯವೆಂದು ನಿಶ್ಚಯಿಸಬೇಕು. ಪಾತ್ರೆ ತೊಳೆಯುವ ಹುಡುಗನನ್ನೂ ಕೇಳಬೇಕು. ತಟ್ಟೆ ಬಾರದೆ ತಿಂಡಿ ಹೊರಡದು.

ಎರಡು: ಆ ಸಂಖ್ಯೆ, ಬೆಲೆ, ಆರ್ಡರು ನಿಲ್ಲಿಸುವ ಹೊತ್ತು, ಬಾಗಿಲು ಮುಚ್ಚುವ ಹೊತ್ತು ಎಲ್ಲವನ್ನೂ ಗುಜರಾತಿಯಲ್ಲೇ ಸ್ಪಷ್ಟವಾಗಿ ಬರೆಯಬೇಕು. ಚಿತ್ರ ನಮ್ಮ ಅಡಿಗೆಮನೆಯದೇ ಇರಲಿ. ವಾಟ್ಸಾಪ್ ಸ್ಟೇಟಸ್ 24 ಗಂಟೆಯಲ್ಲಿ ಅಳಿಯುತ್ತದೆ, ಅದನ್ನು ದಿನವೂ ಹಾಕಬೇಕು. ಮಾಲು ತೀರಿದೊಡನೆ 'ಮುಗಿಯಿತು' ಎಂದೂ ಹಾಕಬೇಕು. ಮುಂಗಡ ಪಡೆಯುವಾಗ ಎಚ್ಚರವಿರಲಿ. ದೊಡ್ಡ ಆರ್ಡರಿನ ಆಸೆ ತೋರಿಸಿ 'ಕ್ಯೂಆರ್ ಹಿಡಿದು ಪಿನ್ ಒತ್ತಿ, ಹಣ ಬರುತ್ತದೆ' ಎನ್ನುವ ಮೋಸಗಾರರಿದ್ದಾರೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಡ. ಪಿನ್ ಒತ್ತಿದರೆ ನಮ್ಮ ಹಣವೇ ಹೋಗುತ್ತದೆ.

ಮೂರು: ಜಾಹೀರಾತು ತಂದ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಕೂಲಿ ಸಿಗಬೇಕು. ಗುಜರಾತಿನ 2019ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ತನ್ನ ವ್ಯಾಪ್ತಿಯಲ್ಲಿ ಓವರ್‌ಟೈಮಿಗೆ ಎರಡು ಪಟ್ಟು ವೇತನ ವಿಧಿಸಿದೆ. ಆ ವ್ಯಾಪ್ತಿಗೆ ಬಾರದ ಸಣ್ಣ ಹೋಟೆಲಿನವನ ಬೆನ್ನೂ ಅಷ್ಟೇ ನೋಯುತ್ತದೆ. ಹಬ್ಬದ ದಿನ ದುಡಿದವನಿಗೆ ಮುಂದೆ ಒಂದು ದಿನ ರಜೆ ಬೇಕು. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಅವರಿಗೂ ಸಂಕ್ರಾಂತಿ ಇದೆ.

'ಮಾಲೀಕರು ಒಪ್ಪುವರೇ?' ಎಂದು ಕೆಲವರು ಕೇಳುತ್ತಾರೆ. ಈ ಊರಿನ ಗಿರಣಿ ಕಾರ್ಮಿಕರು 1918ರಲ್ಲಿ ಅನಸೂಯಾ ಸಾರಾಭಾಯಿ ಮತ್ತು ಗಾಂಧೀಜಿಯವರ ನೇತೃತ್ವದಲ್ಲಿ ಶೇಕಡಾ 35 ಕೂಲಿ ಏರಿಕೆಗಾಗಿ ಮುಷ್ಕರ ಹೂಡಿದರು. ಕೊನೆಗೆ ಪಂಚಾಯ್ತಿಯಾಗಿ 35 ಎಂದೇ ತೀರ್ಪು ಬಂತು. 1920ರಲ್ಲಿ ಮಜೂರ್ ಮಹಾಜನ ಹುಟ್ಟಿತು. ಗಿರಣಿ ಬಂಧುಗಳಿಗೆ ಇದು ಗೊತ್ತಿದ್ದದ್ದೇ. ಒಬ್ಬೊಬ್ಬರಾಗಿ ಗೊಣಗಿದ್ದರೆ ಅವರ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ.

ನಾವೂ ಒಟ್ಟಾಗಿ ಕೇಳೋಣ. ಜಾಹೀರಾತು ಹೋಗುವುದಕ್ಕೆ ಮುಂಚೆ ಕೇಳೋಣ. ಹೋದ ಮೇಲೆ ಕೇಳಿ ಫಲವಿಲ್ಲ. ಪ್ರತಿ ಹೋಟೆಲಿನಿಂದ ಇಬ್ಬರು ಈ ವಾರವೇ ತಮ್ಮ ಮಾಲೀಕರೊಡನೆ ಮಾತಾಡಿ ಬಂದು ಸಂಘಕ್ಕೆ ತಿಳಿಸಬೇಕೆಂದು ವಿನಂತಿ.