ಕೂಸನ್ನು ಯಾರ ಕೈಲಿ ಬಿಡಲಿ?

(ಹೆಗ್ಗಡದೇವನಕೋಟೆಯಲ್ಲಿ ಸೇರಿದ್ದ ಕೂಲಿಗಾರರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಗೆ ಕರೆಯಲು ನಾವು ಹಳ್ಳಿಗಳಲ್ಲಿ ಮನೆ ಮನೆ ತಿರುಗಿದಾಗ ಗಂಡಸರಿಂದ ಒಂದು ಉತ್ತರ ಬಂತು, ಹೆಂಗಸರಿಂದ ಇನ್ನೊಂದು. ಗಂಡಸರು "ಎಷ್ಟು ಹೊತ್ತಿಗೆ?" ಎಂದು ಕೇಳಿದರು. ಹೆಂಗಸರು "ಬರೋಕೇನೋ ಬತ್ತೀವಿ ಕಣಣ್ಣ, ಮಗೀನ ಯಾರ್ ಕೈಲಿ ಬುಟ್ಟು ಬರಾನ?" ಎಂದರು. ಸಭೆಯ ಚೀಟಿಯಲ್ಲಿ ಕೂಲಿದರದ ವಿಚಾರವೆಂದು ಅಚ್ಚು ಹಾಕಿಸಿದ್ದೇವೆ. ಆ ಮಾತನ್ನು ನಮ್ಮ ನಂತರದವರು ಆಡುತ್ತಾರೆ. ನಮಗೆ ಕೊಟ್ಟಿರುವ ಹೊತ್ತನ್ನು ಈ ಹೆಂಗಸರ ಪ್ರಶ್ನೆಗೇ ಮೀಸಲಿಡುತ್ತೇವೆ.

ಈಗ ಉತ್ತರೆ ಮಳೆ ಕಳೆದು ಹಸ್ತೆ ಹಿಡಿಯುವ ಕಾಲ. ಪಂಚಾಂಗದವರು ಶರದೃತು ಎನ್ನುತ್ತಾರೆ. ಮೈಸೂರಿನಲ್ಲಿ ದಸರೆಯ ದೀಪ, ನಮ್ಮ ಹಳ್ಳಿಗಳಲ್ಲಿ ಮಾರ್ನಮಿ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ, ಈ ನಾಲ್ಕೂ ಕಡೆ ಹೊಗೆಸೊಪ್ಪಿನ ಕೆಲಸಕ್ಕೆ ಹೋಗುವ ಹೆಂಗಸಿಗೆ ಇದು ವರ್ಷದಲ್ಲೇ ಅತಿ ಉದ್ದನೆಯ ದಿನಗಳ ಕಾಲ.

ಗಿರಣಿಯಲ್ಲಿ ದುಡಿಯುವ ಬಂಧುಗಳಿಗಾಗಿ ಆ ಕೆಲಸದ ಬಗ್ಗೆ ಎರಡು ಮಾತು. ವರ್ಜೀನಿಯಾ ಹೊಗೆಸೊಪ್ಪನ್ನು ಇಲ್ಲಿ ಮುಂಗಾರಿನಲ್ಲಿ ನೆಡುತ್ತಾರೆ. ಗಿಡದ ಎಲೆಗಳೆಲ್ಲ ಒಂದೇ ಸಲ ಮಾಗುವುದಿಲ್ಲ. ಬುಡದಿಂದ ಮೇಲಕ್ಕೆ ಮಾಗುತ್ತ ಹೋಗುತ್ತವೆ. ಹಾಗಾಗಿ ಪ್ರತಿ ಗಿಡದಿಂದ ಒಂದು ಸುತ್ತಿಗೆ ಎರಡು ಮೂರು ಎಲೆಯಂತೆ ಮುರಿಯುತ್ತ ವಾರಗಟ್ಟಲೆ ಕೊಯ್ಲು ನಡೆಯುತ್ತದೆ. ಮುರಿದ ಸೊಪ್ಪನ್ನು ತಡಮಾಡದೆ ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ಸಾಲು ಸಾಲಾಗಿ ನೇತುಹಾಕಿ, ಒಲೆಗೆ ಸೌದೆ ಹಾಕಿ, ಐದಾರು ದಿನ ಹಗಲು ರಾತ್ರಿ ಕಾವನ್ನು ಹಂತ ಹಂತವಾಗಿ ಏರಿಸಬೇಕು. ಒಲೆ ಕಾಯುವವರು ಸಾಮಾನ್ಯವಾಗಿ ಗಂಡಸರು. ಮುರಿಯುವುದು, ಕಟ್ಟುವುದು, ಬೆಂದ ಮೇಲೆ ಬಣ್ಣ ನೋಡಿ ಬೇರ್ಪಡಿಸುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಗಿರಣಿಯಲ್ಲಿ ಪಾಳಿಯುಂಟು, ಕೂಗುವ ಸೈರನ್ನುಂಟು. ಮಾಗಿದ ಎಲೆ ಯಾರ ಗಡಿಯಾರವನ್ನೂ ನೋಡುವುದಿಲ್ಲ, ಹಸಿದ ಕೂಸೂ ನೋಡುವುದಿಲ್ಲ. ಇವೆರಡರ ನಡುವೆ ಒಬ್ಬಳೇ ಹೆಂಗಸು ನಿಂತಿದ್ದಾಳೆ.

ಅಂತಹ ಒಬ್ಬ ತಾಯಿಯ ದಿನವನ್ನು ತೆಗೆದುಕೊಳ್ಳೋಣ. ಹೆಸರು ಬೇಡ. ಇಲ್ಲಿ ಕುಳಿತಿರುವ ಎಷ್ಟೋ ಮಂದಿಗೆ ಅದು ತಮ್ಮದೇ ದಿನ. ಅವಳಿಗೆ ಮೂವರು ಮಕ್ಕಳು: ಒಂಬತ್ತರ ಹುಡುಗಿ, ನಾಲ್ಕರ ಗಂಡು, ಇನ್ನೂ ಮೊಲೆ ಬಿಡದ ಕೂಸು. ನಾಲ್ಕು ಗಂಟೆಗೆ ಎದ್ದು ಒಲೆ ಹೊತ್ತಿಸುತ್ತಾಳೆ. ಮಳೆಗೆ ನೆಂದ ಸೌದೆ ಹೊಗೆಯಾಡುತ್ತದೆ. ಅನಿಲದ ಸಿಲಿಂಡರ್ ಮನೆಯಲ್ಲಿಲ್ಲವೆಂದಲ್ಲ, ಇದೆ. ಅದು ಖಾಲಿಯಾದರೆ ತುಂಬಿಸುವ ದುಡ್ಡಿನ ಭಯಕ್ಕೆ ನೆಂಟರು ಬಂದ ದಿನಕ್ಕೆಂದು ಎತ್ತಿಟ್ಟಿದ್ದಾಳೆ. ಕೊಟ್ಟಿಗೆಯ ಸಗಣಿ ಬಾಚಿ, ನೀರು ತುಂಬಿ, ಮುದ್ದೆ ತೊಳಸಿ, ಉಪ್ಪೆಸರು ಕಾಯಿಸಿ ಗಂಡನಿಗೊಂದು ಡಬ್ಬಿ, ತನಗೊಂದು ಡಬ್ಬಿ ಕಟ್ಟುತ್ತಾಳೆ. ಹುಡುಗಿಯ ತಲೆ ಬಾಚಿ ಜಡೆ ಹಾಕುವಾಗಲೇ ಒಂದು ಕಾಲಿನಿಂದ ಜೋಲಿ ತೂಗುತ್ತಿರುತ್ತಾಳೆ. ಆರೂವರೆಗೆಲ್ಲ ಊರ ಮುಂದೆ ಆಳುಗಳನ್ನು ಹತ್ತಿಸಿಕೊಳ್ಳುವ ಗಾಡಿ ಬಂದು ಹಾರನ್ ಹೊಡೆಯುತ್ತದೆ.

ಆ ಹೊತ್ತಿಗೆ ಅಂಗನವಾಡಿಯ ಬಾಗಿಲು ತೆಗೆದಿರುವುದಿಲ್ಲ. ಅದು ತೆಗೆಯುವ ವೇಳೆಗೆ ಇವಳು ಹತ್ತಾರು ಸಾಲು ಸೊಪ್ಪು ಮುರಿದಿರುತ್ತಾಳೆ. ಅದು ಸಾಯಂಕಾಲ ಮುಚ್ಚುವಾಗ ಇವಳ ಮುಂದೆ ಕಟ್ಟಬೇಕಾದ ಸೊಪ್ಪಿನ ಗುಡ್ಡೆ ಇನ್ನೂ ಬಿದ್ದಿರುತ್ತದೆ. ನಾಲ್ಕರ ಹುಡುಗನನ್ನು ಪಕ್ಕದ ಮನೆಯ ಅಜ್ಜಿ ಕರೆದುಕೊಂಡು ಹೋಗಿ ಬಿಡಬೇಕು, ಕರೆದು ತರಬೇಕು. ಅಜ್ಜಿಗೆ ಕಣ್ಣು ಮಂಜು. ಕೂಸಿಗಂತೂ ಇವಳೇ ಗತಿ. ಬ್ಯಾರನ್ನಿನ ಮುಂದಿನ ಚಪ್ಪರದ ಗಳುವಿಗೆ ಹಳೆಯ ಸೀರೆ ಕಟ್ಟಿ ಜೋಲಿ ಮಾಡಿ, ಒಂದು ಕಡೆ ಸೊಪ್ಪಿನ ರಾಶಿ, ಒಂದು ಕಡೆ ಉರಿಯುವ ಒಲೆ, ಮಧ್ಯೆ ಕೂಸು. ಅದು ಅತ್ತರೆ ಎದ್ದು ಹೋಗಿ ಹಾಲು ಕೊಡಬೇಕು. ಕಡ್ಡಿ ಲೆಕ್ಕದ ಕೂಲಿ ಇರುವ ಕಡೆ ಆ ಕಾಲು ಗಂಟೆ ಅವಳ ಕೂಲಿಯಿಂದಲೇ ಹೋಗುತ್ತದೆ.

ಇಲ್ಲಿ ಒಂದು ವಿಷಯವನ್ನು ತಾಯಂದಿರು ಗಮನವಿಟ್ಟು ಕೇಳಬೇಕು, ಏಕೆಂದರೆ ಇದನ್ನು ಅನೇಕರು ದೃಷ್ಟಿ, ಗಾಳಿ, ಪಿತ್ತ ಎಂದು ತಿಳಿದು ಸುಮ್ಮನಾಗುತ್ತಾರೆ. ಹಸಿ ಹೊಗೆಸೊಪ್ಪಿನಲ್ಲಿ ನಿಕೋಟಿನ್ ಎಂಬ ವಿಷವಿದೆ. ಮಳೆಯಲ್ಲೋ ಇಬ್ಬನಿಯಲ್ಲೋ ಎಲೆ ನೆಂದಾಗ ಆ ವಿಷ ನೀರಿಗೆ ಇಳಿಯುತ್ತದೆ, ನೀರಿನಿಂದ ಕೈಯ ಚರ್ಮದೊಳಕ್ಕೆ ಹೋಗುತ್ತದೆ. ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು, ವಾಂತಿ, ಸುಸ್ತು, ಇವು ಅದರ ಗುರುತು. ವೈದ್ಯರು ಇದನ್ನು ಹಸಿ ಹೊಗೆಸೊಪ್ಪಿನ ಕಾಯಿಲೆ ಎಂದೇ ಕರೆಯುತ್ತಾರೆ. ದೊಡ್ಡವರಿಗೆ ಒಂದೆರಡು ದಿನದಲ್ಲಿ ಇಳಿದೀತು. ಆದರೆ ನಿಕೋಟಿನ್ ತಾಯಿಯ ಹಾಲಿಗೂ ಸೇರುತ್ತದೆ. ಮಗುವಿನ ಮೈ ಚಿಕ್ಕದು, ಸ್ವಲ್ಪ ವಿಷವೂ ಅದಕ್ಕೆ ಹೆಚ್ಚು. ಸೊಪ್ಪಿನ ಕರಿ ಅಂಟು ಹತ್ತಿದ ಕೈಯನ್ನು ಸೋಪು ಹಾಕಿ ತೊಳೆಯದೆ ಕೂಸನ್ನು ಮುಟ್ಟಬಾರದು. ನೆಂದ ರವಿಕೆ ಬದಲಾಯಿಸದೆ ಹಾಲೂಡಬಾರದು. ಸೊಪ್ಪಿನ ರಾಶಿಯ ಮೇಲೆ ಮಗುವನ್ನು ಮಲಗಿಸಲೇಬಾರದು. ಇಷ್ಟನ್ನು ಹೇಳುವುದು ಸುಲಭ. ಚಪ್ಪರದ ಹತ್ತಿರ ನೀರಿನ ಕೊಳಾಯಿ ಎಲ್ಲಿದೆ, ಬದಲಾಯಿಸಲು ಇನ್ನೊಂದು ರವಿಕೆ ಎಲ್ಲಿದೆ ಎಂದು ನೀವು ಕೇಳಿದರೆ ನಾವು ತಲೆ ತಗ್ಗಿಸಬೇಕು. ಹಸ್ತೆ, ಚಿತ್ತೆ, ಸ್ವಾತಿ ಮೂರೂ ಮಳೆ ಇದೇ ಕಾಲದಲ್ಲಿ ಬೀಳುತ್ತವೆಂಬುದನ್ನು ಬೇರೆ ಹೇಳಬೇಕಿಲ್ಲ.

ಒಂಬತ್ತು ವರ್ಷದ ಹುಡುಗಿಯನ್ನು ಮರೆಯಬೇಡಿ. ಅಜ್ಜಿಗೆ ಜ್ವರ ಬಂದ ದಿನ ಅವಳು ಶಾಲೆಗೆ ಹೋಗುವುದಿಲ್ಲ. ದಸರೆ ರಜೆ ಬಂದರೆ ಊರಿನ ಮಕ್ಕಳು ಕುಣಿಯುತ್ತಾರೆ, ಇವಳ ಸೊಂಟಕ್ಕೆ ಕೂಸು ಏರುತ್ತದೆ. ರಜೆ ಮುಗಿದ ಮೇಲೂ ಕೆಲವು ದಿನ ಇಳಿಯುವುದಿಲ್ಲ. ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚಬಾರದೆಂದು 2016ರಲ್ಲಿ ಕಾಯಿದೆಯನ್ನು ಬಿಗಿ ಮಾಡಿದರು. ಶಾಲೆಯ ಹೊತ್ತು ಬಿಟ್ಟು ಮನೆಯವರಿಗೆ ನೆರವಾಗಬಹುದೆಂದೂ ಅದರಲ್ಲೇ ಬರೆದರು. ತಂಗಿಯನ್ನು ಹೊರುವುದು ಯಾವ ಕಾಯಿದೆಗೂ ದುಡಿಮೆಯಾಗಿ ಕಾಣುವುದಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಅದು ಕಾಣುತ್ತದೆ.

ಹಾಡಿಗಳ ಕಥೆ ಇನ್ನೂ ಬೇರೆ. ಕಾಡಿನಿಂದ ಹೊರಬಿದ್ದ ಜೇನುಕುರುಬರು, ಕಾಡುಕುರುಬರು ಶುಂಠಿ ಹೊಲಕ್ಕೂ ಕೊಡಗಿನ ಕಾಫಿ ತೋಟಕ್ಕೂ ಜೀಪು ಹತ್ತಿ ಹೋಗುವಾಗ ಕೂಸುಗಳೂ ಜೀಪಿನಲ್ಲೇ ಹೋಗುತ್ತವೆ. ಅದನ್ನು ಹೇಳಲು ಅವರೇ ವೇದಿಕೆಗೆ ಬರಬೇಕು, ಇಂದು ಸಂಜೆ ಬರುತ್ತಾರೆ.

ಈಗ ಲೆಕ್ಕದ ಮಾತು. ಅಂಗಡಿಕಾರ ಬಂಧುಗಳಿಗೆ ಲೆಕ್ಕ ಬೇಗ ತಿಳಿಯುತ್ತದೆ. ಒಬ್ಬ ರೈತನನ್ನು ನಿಲ್ಲಿಸಿ ಈ ಸಲದ ಖರ್ಚೇನೆಂದು ಕೇಳಿ. ಸಸಿ, ಗೊಬ್ಬರ, ಔಷಧಿ, ಸೌದೆ, ಬ್ಯಾರನ್ನಿನ ರಿಪೇರಿ, ಕಡ್ಡಿ, ದಾರ, ಆಳಿನ ಕೂಲಿ, ಹರಾಜು ಕಟ್ಟೆಗೆ ಸಾಗಿಸುವ ಬಾಡಿಗೆ, ಎಲ್ಲವನ್ನೂ ಬಾಯಲ್ಲೇ ಹೇಳುತ್ತಾನೆ. ದಾರದ ಉಂಡೆಗೂ ಅದರಲ್ಲಿ ಜಾಗವಿದೆ. ಕೂಸಿಗೆ ಜಾಗವಿಲ್ಲ. ತಂಬಾಕು ಮಂಡಳಿ 1975ರ ಕಾಯಿದೆಯಿಂದ ಹುಟ್ಟಿತು. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಶುರುವಾಯಿತು. ಅಂದಿನಿಂದ ಈ ಸೀಮೆಯ ಒಂದೊಂದು ಬೇಲಿನ ತೂಕ, ದರ್ಜೆ, ಬೆಲೆ ದಾಖಲೆಯಲ್ಲಿದೆ. ಇಷ್ಟು ಚೊಕ್ಕಟವಾಗಿ ಎಲೆಯನ್ನು ಎಣಿಸಬಲ್ಲವರು ಆ ಎಲೆಯನ್ನು ಕಟ್ಟಿದ ಹೆಂಗಸಿನ ಮಡಿಲಲ್ಲಿ ಎಷ್ಟು ಮಕ್ಕಳಿದ್ದವೆಂದು ಎಣಿಸಲಾರರೇ?

ಇದನ್ನು ರೈತನ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುವುದು ನಮ್ಮ ಉದ್ದೇಶವಲ್ಲ. ಇಲ್ಲಿಯ ಸೊಪ್ಪಿನ ರೈತ ಬಹುಪಾಲು ಸಣ್ಣ ಹಿಡುವಳಿಯವನು, ಸಾಲಗಾರ. ಅವನ ಹೆಂಡತಿಯೂ ಅದೇ ಚಪ್ಪರದಲ್ಲಿ ಕುಳಿತು ಕಡ್ಡಿ ಕಟ್ಟುತ್ತಾಳೆ, ಅವಳ ಕೂಸೂ ಅದೇ ಗಳುವಿನಲ್ಲಿ ತೂಗುತ್ತದೆ, ಅವಳಿಗಂತೂ ಕೂಲಿಯೂ ಇಲ್ಲ. ಹೊಗೆಸೊಪ್ಪನ್ನು ಹೊಗಳಲೂ ನಾವು ಬಂದಿಲ್ಲ. ಅದರ ಬಳಕೆಯನ್ನು ತಗ್ಗಿಸುವ ಲೋಕದ ಒಪ್ಪಂದಕ್ಕೆ ಭಾರತ 2004ರಲ್ಲೇ ಒಪ್ಪಿಗೆ ಮುದ್ರೆ ಒತ್ತಿದೆ. ಬೆಳೆ ಬದಲಾಗುವ ದಿನ ಬರಲಿ. ಅಲ್ಲಿಯವರೆಗೆ ಆ ಬೆಳೆಯಿಂದ ಸರ್ಕಾರಕ್ಕೆ ತೆರಿಗೆಯೂ ಕಂಪನಿಗಳಿಗೆ ಲಾಭವೂ ಬರುತ್ತಿರುವಾಗ, ಜೋಲಿಯ ಖರ್ಚು ಮಾತ್ರ ತಾಯಿಯ ಪಾಲಿಗೇಕೆ?

ಗಿರಣಿ ಬಂಧುಗಳೇ, ನಿಮಗೆ ಈ ವಾದ ಹೊಸದಲ್ಲ. 1948ರ ಕಾರ್ಖಾನೆ ಕಾಯಿದೆಯಲ್ಲಿ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಗೃಹ ಇರಬೇಕೆಂದು ಬರೆದರು, 1976ರಲ್ಲಿ ಆ ಸಂಖ್ಯೆಯನ್ನು 30ಕ್ಕೆ ಇಳಿಸಿದರು. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ 50 ಹೆಂಗಸರಿರುವ ತೋಟಕ್ಕೆ ಇದೇ ಕಟ್ಟಳೆ ಇತ್ತು. 1961ರ ಹೆರಿಗೆ ಸೌಲಭ್ಯದ ಕಾಯಿದೆಯನ್ನು 2017ರಲ್ಲಿ ತಿದ್ದಿ 26 ವಾರಗಳ ರಜೆ ಕೊಟ್ಟರು, ಅಲ್ಲೂ ಶಿಶುಗೃಹಕ್ಕೆ 50 ಜನರ ಎಣಿಕೆ ಇತ್ತು. ಒಂದು ಬ್ಯಾರನ್ನಿನ ಮುಂದೆ ಐದೋ ಆರೋ ಹೆಂಗಸರು. ಊರಿನ ಹತ್ತು ಬ್ಯಾರನ್ನು ಸೇರಿಸಿದರೆ ಐವತ್ತು ದಾಟುತ್ತದೆ. ಆದರೆ ಕಾಯಿದೆ ಒಂದೇ ಯಜಮಾನನ ಕೆಳಗಿನ ಐವತ್ತನ್ನು ಮಾತ್ರ ಎಣಿಸುತ್ತದೆ. ಹತ್ತು ಬ್ಯಾರನ್ನಿನ ಸೊಪ್ಪು ಒಂದೇ ಹರಾಜು ಕಟ್ಟೆಗೆ ಹೋಗಿ ಒಂದಾಗುತ್ತದೆ, ಹತ್ತು ಬ್ಯಾರನ್ನಿನ ತಾಯಂದಿರು ಬಿಡಿ ಬಿಡಿಯಾಗಿಯೇ ಉಳಿಯುತ್ತಾರೆ.

ದಾರಿಯೇ ಇಲ್ಲವೆಂದೇನಲ್ಲ. 2005ರ ಉದ್ಯೋಗ ಖಾತ್ರಿ ಕಾಯಿದೆಯಲ್ಲಿ ಒಂದು ಸಣ್ಣ ಸಾಲನ್ನು ಬರೆದಿದ್ದರು. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಮಕ್ಕಳು ಐದು ಅಥವಾ ಹೆಚ್ಚಿದ್ದರೆ, ಅವರನ್ನು ನೋಡಿಕೊಳ್ಳಲು ಕೆಲಸದ ಹೆಂಗಸರಲ್ಲೇ ಒಬ್ಬಳನ್ನು ನೇಮಿಸಬೇಕು, ಅವಳಿಗೂ ಕೂಲಿ ಕೊಡಬೇಕು. ಕೂಸು ನೋಡಿಕೊಳ್ಳುವುದೂ ಕೂಲಿಗೆ ಅರ್ಹವಾದ ಕೆಲಸವೆಂದು ಸರ್ಕಾರದ ಕಾಗದವೇ ಒಪ್ಪಿತು. ನಮ್ಮ ರಾಜ್ಯ ಸರ್ಕಾರ 2023–24ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಸಾರಿತು. ಕರ್ನಾಟಕದ ಮೊದಲ ಅಂಗನವಾಡಿಗಳು 1975ರಲ್ಲಿ ನಮ್ಮದೇ ಜಿಲ್ಲೆಯ ತಿ. ನರಸೀಪುರದಲ್ಲಿ ಶುರುವಾದವು. ಅಂದರೆ ಕಟ್ಟಡವೂ ಹೆಸರೂ ಅನುಭವವೂ ಇವೆ. ಇಲ್ಲದ್ದು ಹೊಲದ ಹೊತ್ತಿಗೆ ಹೊಂದುವ ಬಾಗಿಲು.

ನಮ್ಮ ಬೇಡಿಕೆ ಇಷ್ಟೇ. ಸೊಪ್ಪು ಮುರಿಯಲು ತೊಡಗಿದ ದಿನದಿಂದ ದೀಪಾವಳಿ ಕಳೆಯುವವರೆಗೆ, ಹೊಗೆಸೊಪ್ಪಿನ ಪ್ರತಿ ಊರಿನಲ್ಲೂ ಕೂಸಿನ ಮನೆ ಬೆಳಿಗ್ಗೆ ಆರಕ್ಕೆ ತೆರೆದು ಸಂಜೆ ಏಳರವರೆಗೆ ನಡೆಯಲಿ. ಅದರ ಖರ್ಚನ್ನು ಸರ್ಕಾರ, ಮಂಡಳಿ, ಸೊಪ್ಪು ಕೊಳ್ಳುವ ಕಂಪನಿ ಮೂವರೂ ಹಂಚಿಕೊಳ್ಳಲಿ. ಕೆಲಸದ ಜಾಗದಲ್ಲಿ ನೀರು, ಸೋಪು, ಕೈಗವಸು ಇರಲಿ. ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇವೆ. ಹೆಚ್ಚಿದ ಹೊತ್ತನ್ನು ಈಗಿರುವ ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರ ತಲೆಗೆ ಬಿಟ್ಟಿಯಾಗಿ ಕಟ್ಟಕೂಡದು. ಅವರಿಗೆ ಕೊಡುವುದನ್ನು ಸರ್ಕಾರ ಸಂಬಳವೆನ್ನದೆ ಗೌರವಧನ ಎನ್ನುತ್ತದೆ. ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು ಹೇಳಬೇಕಾದರೆ 2022 ಬರಬೇಕಾಯಿತು. ಒಬ್ಬ ತಾಯಿಯ ಹೊರೆಯನ್ನು ಇಳಿಸಿ ಇನ್ನೊಬ್ಬ ತಾಯಿಯ ತಲೆಗೆ ಇಡುವುದಾದರೆ ಸಮಾಜವಾದಿಗಳು ಬೇಕಾಗಿಲ್ಲ.

"ಈಗ ಬಸ್ಸು ಬಿಟ್ಟಿ, ತಿಂಗಳಿಗೆ ಎರಡು ಸಾವಿರ ಬೇರೆ, ಇನ್ನೇನು ಬೇಕು?" ಎಂದು ಪೇಟೆಯಲ್ಲಿ ಒಬ್ಬರು ನಮ್ಮನ್ನು ಕೇಳಿದರು. 2023ರಲ್ಲಿ ಬಂದ ಆ ಎರಡೂ ಯೋಜನೆಗಳಿಂದ ಹೆಂಗಸರ ಕೈ ಸ್ವಲ್ಪ ಸಡಿಲವಾಗಿದೆ, ನಾವು ಅಲ್ಲಗಳೆಯುವುದಿಲ್ಲ. ಆ ಎರಡು ಸಾವಿರದಲ್ಲಿ ಒಂದಿಷ್ಟು ಅದೇ ಪೇಟೆಯ ಅಂಗಡಿಗೆ ಬಂದಿದೆಯೆಂಬುದನ್ನು ಅವರೂ ಅಲ್ಲಗಳೆಯಲಾರರು. ಆದರೆ ಬೆಳಿಗ್ಗೆ ಆರೂವರೆಗೆ ಗಾಡಿ ಹಾರನ್ ಹೊಡೆದಾಗ ಆ ಎರಡು ಸಾವಿರ ರೂಪಾಯಿ ಕೂಸನ್ನು ಎತ್ತಿಕೊಳ್ಳುವುದಿಲ್ಲ. ಅಂಗಡಿಕಾರರೇ, ಯಾವ ಮನೆಯ ಮಗುವಿಗೆ ಹುಷಾರಿಲ್ಲವೆಂದು ಡಾಕ್ಟರಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ. ಬ್ರೆಡ್ಡು, ಬನ್ನು ಉದ್ರಿಯಲ್ಲಿ ಹೋದ ದಿನ ಆ ತಾಯಿ ಕೆಲಸಕ್ಕೆ ಹೋಗಿರುವುದಿಲ್ಲ, ನಿಮ್ಮ ಹಳೆಯ ಬಾಕಿಯೂ ಬಂದಿರುವುದಿಲ್ಲ.

ಕೊನೆಯದಾಗಿ ಗಂಡಸರಿಗೆ, ನಮ್ಮನ್ನೂ ಸೇರಿಸಿ. ಲೋಹಿಯಾರವರು ನೂರಕ್ಕೆ ಅರವತ್ತರ ಪಾಲು ಕೇಳಿದಾಗ ಹಿಂದುಳಿದವರ ಆ ಸಾಲಿನಲ್ಲಿ ಎಲ್ಲ ಜಾತಿಯ ಹೆಂಗಸರನ್ನೂ ಸೇರಿಸಿದ್ದರು. ಅದನ್ನು ನಾವು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇವೆ. ಹೇಳಿ ಮನೆಗೆ ಹೋದಾಗ ರಾತ್ರಿ ಒಂಬತ್ತಕ್ಕೆ ಮುದ್ದೆ ಬಿಸಿಯಾಗಿರಬೇಕೆಂದೂ ಬಯಸಿದ್ದೇವೆ. ಸೊಪ್ಪಿನ ಕಾಲದಲ್ಲಿ ಅವಳು ಏಳಕ್ಕೆ ಮನೆಗೆ ಬಂದು, ಕೈಯ ಅಂಟು ಉಜ್ಜಿ ತೊಳೆದು, ಮತ್ತೆ ಒಲೆ ಹೊತ್ತಿಸಿ, ಮೂರು ಮಕ್ಕಳಿಗೆ ಉಣಿಸಿ ಮಲಗಿಸುವಾಗ ನಾವು ಅರಳಿಕಟ್ಟೆಯ ಮೇಲೆ ದೇಶದ ಸ್ಥಿತಿ ವಿಚಾರಿಸುತ್ತಿರುತ್ತೇವೆ. ಪಂಚಾಯಿತಿ ಕೂಸಿನ ಮನೆ ತೆರೆಯುವವರೆಗೆ ಕಾಯಬೇಕಾಗಿಲ್ಲ. ಈ ಸಂಜೆಯಿಂದಲೇ ನಾವು ಒಂದು ಕೂಸನ್ನು ಎತ್ತಿಕೊಳ್ಳಬಹುದು. ಇಂದು ಇಲ್ಲಿ ಹಾಗೆ ಮಾಡಿದ್ದೇವೆ. ವೇದಿಕೆಯ ಹಿಂದಿನ ಕೋಣೆಯಲ್ಲಿ ಜಮಖಾನ ಹಾಸಿದೆ, ಇಬ್ಬರು ಕಾರ್ಯಕರ್ತರು, ಗಂಡಸರೇ, ಹದಿನೇಳು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾರೆ. ಗದ್ದಲ ನಿಮಗೂ ಕೇಳಿಸುತ್ತಿದೆ.

ಪಂಚಾಯಿತಿಗೆ ಕೊಡುವ ಅರ್ಜಿ ಇಲ್ಲಿ ಮೇಜಿನ ಮೇಲಿದೆ. ನಿಮ್ಮ ಊರು, ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳೆಷ್ಟು, ನೀವು ಕೆಲಸಕ್ಕೆ ಹೊರಡುವುದು ಎಷ್ಟು ಹೊತ್ತಿಗೆ, ಬರುವುದು ಎಷ್ಟು ಹೊತ್ತಿಗೆ, ಇಷ್ಟು ಬರೆಸಬೇಕು. ಬರೆಯಲು ಬಾರದವರಿಗೆ ಬರೆದುಕೊಡುತ್ತಾರೆ. ಹೆಂಗಸರು ಮೊದಲು ಬನ್ನಿ. ನಿಮಗೆ ಕೊನೆಯ ಬಸ್ಸು ಹಿಡಿಯಬೇಕಾಗಿದೆ.