ಕೊಳಚೆಯ ಕೆಸರು, ಹೊಂಡದ ಪಾಚಿ: ಎರಡೂ ಕೂಡಿಸಿ ಕಾಂಪೋಸ್ಟ್ ಗೊಬ್ಬರ



ಕಾಖಂಡಕಿ, ಬಬಲೇಶ್ವರ, ತಿಕೋಟಾ ಕಡೆಯ ಎರಿ ಭೂಮಿ ಒಳ್ಳೆಯದು. ಆದರೆ ವರುಷ ವರುಷ ಜೋಳ, ಕಡಲಿ, ತೊಗರಿ ತೆಗೆದುಕೊಂಡು, ಭೂಮಿಗೆ ತಿರುಗಿ ಕೊಡುವುದನ್ನು ಕಡಿಮೆ ಮಾಡಿದ್ದೇವೆ. ಮನೆಯಲ್ಲಿ ದನ ಕಡಿಮೆಯಾದವು, ತಿಪ್ಪಿ ಸಣ್ಣದಾಯಿತು. ಹಾಗಾದರೆ ಗೊಬ್ಬರ ಎಲ್ಲಿಂದ ತರೋದು?

ನಾವು ಅಸಹ್ಯವೆಂದು ದೂರ ತಳ್ಳುವ ಎರಡು ವಸ್ತುಗಳಲ್ಲಿ ಗೊಬ್ಬರವಿದೆ. ಒಂದು, ಪಾಯಿಖಾನೆಯ ಗುಂಡಿಯಲ್ಲಿ, ಪಟ್ಟಣದ ಕೊಳಚೆ ನೀರು ಶುದ್ಧ ಮಾಡುವಲ್ಲಿ ತಳಕ್ಕೆ ಕೂಡುವ ಕೆಸರು. ಎರಡು, ಕೆರೆ ಮತ್ತು ಕೃಷಿ ಹೊಂಡದಲ್ಲಿ ಬೆಳೆಯುವ ಪಾಚಿ.

ಇದು ಹೊಸ ಮಾತಲ್ಲ. 1939ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ಊರ ಕಸ ಮತ್ತು ಮಲವನ್ನು ಪದರು ಪದರಾಗಿ ತಗ್ಗಿನಲ್ಲಿ ಮುಚ್ಚಿ ಗೊಬ್ಬರ ಮಾಡುವ ಕ್ರಮ ರೂಪಿಸಿದರು. ಅದಕ್ಕೆ ಇಂದಿಗೂ ಬೆಂಗಳೂರು ಪದ್ಧತಿ ಎಂದೇ ಹೆಸರು.

ಹಸಿ ಕೆಸರನ್ನು ನೇರವಾಗಿ ಹೊಲಕ್ಕೆ ಸುರಿಯಬಾರದೇ? ಸುರಿಯಲೇ ಬಾರದು. ಅದರಲ್ಲಿ ಜಂತುಹುಳದ ತತ್ತಿಗಳಿರುತ್ತವೆ. ಮಣ್ಣಿನಲ್ಲಿ ಬಹುಕಾಲ ಜೀವ ಹಿಡಿದಿದ್ದು, ಬರಿಗಾಲಲ್ಲಿ ಆಡುವ ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತವೆ. ಕಾವಿನಲ್ಲಿ ಬೆಂದರೆ ಅವು ಬೇಗ ಸಾಯುತ್ತವೆ.

ಯಾವ ಕೆಸರು ತರಬೇಕು? ಎರಡು ಗುಂಡಿಯ ಪಾಯಿಖಾನೆಯಿದ್ದವರು, ತುಂಬಿದ ಗುಂಡಿಯನ್ನು ಮುಚ್ಚಿ ಕನಿಷ್ಠ ಒಂದು ವರುಷ ಬಿಡಬೇಕು. ಆಮೇಲೆ ಒಣಗಿದ್ದನ್ನು ಸಲಿಕೆಯಿಂದ ತೆಗೆಯಬಹುದು. ಪಟ್ಟಣದ್ದಾದರೆ, ಒಣಗಿಸಿ ಪರೀಕ್ಷೆ ಮಾಡಿಸಿದ ಕೆಸರನ್ನೇ ಕೇಳಿರಿ. ಕಾವಿಗೆ ಹುಳ ಸಾಯುತ್ತದೆ, ಸೀಸ ಸಾಯುವುದಿಲ್ಲ. ಸರಕಾರದ ಗೊಬ್ಬರ ನಿಯಂತ್ರಣ ಆದೇಶದಂತೆ ಪಟ್ಟಣದ ಕಾಂಪೋಸ್ಟಿನ ಒಂದು ಕಿಲೋದಲ್ಲಿ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಕಾರಖಾನೆಯ ಹೊಲಸು ಕೂಡಿದ ಕೆಸರು ಬೇಡವೇ ಬೇಡ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸೆಪ್ಟಿಕ್ ಟ್ಯಾಂಕಿನೊಳಗೆ ಯಾರನ್ನೂ ಇಳಿಸಬೇಡಿರಿ. ಒಳಗಿನ ವಿಷಗಾಳಿ ಗಳಿಗೆಯಲ್ಲಿ ಪ್ರಾಣ ತೆಗೆಯುತ್ತದೆ. 2013ರ ಕಾಯಿದೆಯಂತೆ ಅದು ಅಪರಾಧ. ಯಂತ್ರದ ಗಾಡಿಯನ್ನೇ ಕರೆಸಿರಿ.

ಇನ್ನು ಮಾಡುವ ಕ್ರಮ. ಯುಗಾದಿ ದಾಟಿದ ಮೇಲೆ ಹೊಂಡದ ನೀರು ಇಳಿದಾಗ ಪಾಚಿಯನ್ನು ಕುಂಟೆಯಿಂದ ಎಳೆದು, ದಂಡೆಯಲ್ಲಿ ಎರಡು ದಿನ ನೀರು ಬಸಿಯಲು ಬಿಡಿರಿ. ನೀಲಿ ಹಸಿರು ಬಣ್ಣ ಚೆಲ್ಲಿದಂತೆ ತೇಲುವ ಪಾಚಿ ವಿಷದ್ದಿರಬಹುದು; ಅದನ್ನು ಮುಟ್ಟಬೇಡಿರಿ, ದನಕ್ಕೂ ಆ ನೀರು ಕುಡಿಸಬೇಡಿರಿ.

ಕೆಸರು, ಪಾಚಿ ಎರಡರಲ್ಲೂ ಸಾರಜನಕ ಹೆಚ್ಚು, ನೀರೂ ಹೆಚ್ಚು. ಅವೆರಡನ್ನೇ ಒಟ್ಟಿದರೆ ಕೊಳೆತು ನಾರುತ್ತವೆ. ಆದ್ದರಿಂದ ಒಂದು ಬುಟ್ಟಿ ಕೆಸರು-ಪಾಚಿಗೆ ಮೂರು ಬುಟ್ಟಿ ಒಣ ಕಸ ಬೇಕು: ಕತ್ತರಿಸಿದ ತೊಗರಿ ಕಟ್ಟಿಗೆ, ದನ ಬಿಟ್ಟ ಕಣಿಕಿ, ಕಬ್ಬಿನ ರವದಿ. ಬಾವಿಯಿಂದ ದೂರ, ಎತ್ತರದ ಜಾಗದಲ್ಲಿ ಪದರು ಪದರಾಗಿ ನಾಲ್ಕೈದು ಅಡಿ ಎತ್ತರ ಒಟ್ಟಿ, ನಡುನಡುವೆ ಸಗಣಿ ನೀರು ಚಿಮುಕಿಸಿರಿ. ಕೈಗೆ ಚೀಲ, ಕಾಲಿಗೆ ಬೂಟು ಇರಲಿ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಕಾವು ಬಂತೋ ಇಲ್ಲವೋ ತಿಳಿಯುವುದು ಹ್ಯಾಂಗ? ಕಬ್ಬಿಣದ ಸಲಾಕಿ ನಡುವೆ ಚುಚ್ಚಿಟ್ಟು ಸ್ವಲ್ಪ ಹೊತ್ತಿನ ಮೇಲೆ ತೆಗೆಯಿರಿ. ಹಿಡಿಯಲಾಗದಷ್ಟು ಸುಟ್ಟರೆ ಕಾವು ಬಂದಿದೆ. ಸರಿಯಾದ ಅಳತೆಗೆ ಉಷ್ಣಮಾಪಕ ಬೇಕು. 55 ಡಿಗ್ರಿ ಕಾವು 15 ದಿನ ಇಳಿಯದಂತೆ ನಿಲ್ಲಬೇಕು. ಅಷ್ಟರಲ್ಲಿ ಐದು ಸಲ ತಿರುವಿ ಹೊರಗಿನದನ್ನು ಒಳಗೆ ತರಬೇಕು. ಬೇಸಿಗೆಯಲ್ಲಿ ಒಣಗಿದರೆ ನೀರು ಚಿಮುಕಿಸಿರಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬಂದರೆ ಹದ.

ಮುಂದೆ ಎರಡು ಮೂರು ತಿಂಗಳು ಮಾಗಲಿ. ಕರ್ರಗೆ ಪುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಗೊಬ್ಬರ ಸಿದ್ಧ. ಹಿಂಗಾರಿ ಜೋಳ ಬಿತ್ತುವ ಎರಡು ಮೂರು ವಾರ ಮೊದಲು ಹೊಲದಲ್ಲಿ ಹರವಿ ಕೂಡಿಸಿರಿ. ತೊಗರಿ, ಹತ್ತಿಗೂ ಆದೀತು. ಹಸಿಯಾಗಿ ತಿನ್ನುವ ಸವತಿ, ಮೂಲಂಗಿ, ಕೊತ್ತಂಬರಿಗೆ ಬೇಡ.

ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ಆ ಕೈ ತೊಳೆದುಕೊಂಡೇ ಊಟಕ್ಕೆ ಕೂಡಿರಿ.